ಬಲಮೂಲೆಯ ಕೆಂಪು ಚುಕ್ಕಿ

ನಾನು ಒಂದು ಪರದೆ. ಗೋಡೆಗೆ ತೂಗುಹಾಕುವಂಥದ್ದು, ಬಾಗಿಲೊಂದನ್ನು ಅಡ್ಡ ಮಲಗಿಸಿದರೆ ಎಷ್ಟಾಗುವುದೋ ಅಷ್ಟು ದೊಡ್ಡದು. ನಾನು ಹುಟ್ಟಿದ ಊರಿನ ಹೆಸರು ನನಗೆ ತಿಳಿಯದು. ಅದು ತಿಳಿಯುವ ಮೊದಲೇ ನನ್ನನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ನೆನಪಿರುವುದು ಇಷ್ಟೇ: ಮೊದಲ ಸಲ ಮೈಗೆ ಬೆಳಕು ಬಂದಾಗ ಎದುರಿಗೆ ಒಬ್ಬ ಹೆಂಗಸು ಕೂತಿದ್ದಳು. ಕೈಗೆ ಬಿಳಿ ಗವಸು ಹಾಕಿಕೊಂಡಿದ್ದಳು. ನನ್ನನ್ನು ಇಡಿಯಾಗಿ ಕೆಂಪು ಮಾಡಿ ನೋಡಿದಳು, ಹಸಿರು ಮಾಡಿ ನೋಡಿದಳು, ನೀಲಿ ಮಾಡಿ ನೋಡಿದಳು. ಮೂಗು ತಾಗುವಷ್ಟು ಹತ್ತಿರ ಬಂದು, ಎಲ್ಲಾದರೂ ಒಂದು ಚುಕ್ಕಿ ಸತ್ತಿದೆಯೇ ಎಂದು ಮೂಲೆಯಿಂದ ಮೂಲೆಗೆ ಹುಡುಕಿದಳು. ಸಿಗಲಿಲ್ಲ. ಬೆನ್ನಿಗೊಂದು ಚೀಟಿ ಅಂಟಿಸಿ ಮುಂದಿನ ಪರದೆಯ ಕಡೆಗೆ ತಿರುಗಿದಳು.

ಯಾರಾದರೂ ಅಷ್ಟು ಗಮನವಿಟ್ಟು ನೋಡಿದರೆ ಹೇಗಿರುತ್ತದೆ ಎಂಬುದು ಹುಟ್ಟಿದ ದಿನವೇ ನನಗೆ ಗೊತ್ತಾಗಿಬಿಟ್ಟಿತು. ಗೊತ್ತಾಗದಿದ್ದರೆ ಒಳ್ಳೆಯದಿತ್ತೇನೋ. ಆಮೇಲಿನ ನನ್ನ ಬಾಳೆಲ್ಲ ಅಂಥದೇ ಇನ್ನೊಂದು ನೋಟಕ್ಕೆ ಕಾಯುವುದರಲ್ಲೇ ಕಳೆಯಿತು.

ಪೆಟ್ಟಿಗೆ ತೆರೆದಾಗ ನಾನು ಹುಬ್ಬಳ್ಳಿಯಲ್ಲಿದ್ದೆ. ಒಂದು ಟ್ರಸ್ಟಿನ ದೊಡ್ಡ ಆಸ್ಪತ್ರೆ. ಗದಗಿನಲ್ಲಿ, ಹಾವೇರಿಯಲ್ಲಿ ಅದಕ್ಕೆ ಸಣ್ಣ ಶಾಖೆಗಳಿದ್ದವು. ರೋಗಿಗಳ ವಿವರ, ಎಕ್ಸ್‌ರೇ, ರಕ್ತನಿಧಿಯ ಲೆಕ್ಕ, ಎಲ್ಲವೂ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರುಗಳಿಗೆ ಹೊರಗಿನ ಕಳ್ಳರು ನುಗ್ಗದಂತೆ ಕಾಯುವುದಕ್ಕೆ ಕೆಳಮಹಡಿಯಲ್ಲೊಂದು ಕೋಣೆ ಮಾಡಿದ್ದರು. ಅದರ ಗೋಡೆಗೆ ನನ್ನನ್ನು ಬಿಗಿದರು. ಎಲ್ಲಿ ಯಾವ ಅಪಾಯವಿದೆಯೆಂದು ತೋರಿಸುವ ಡ್ಯಾಶ್‌ಬೋರ್ಡನ್ನು ನನ್ನ ಮೇಲೆ ಹರಡಿದರು. ಅದು ನನ್ನ ಮೊದಲ ಮುಖ.

ಆ ಮುಖವನ್ನು ಈಗ ನೆನೆದರೆ ನನಗೇ ಆಯಾಸವಾಗುತ್ತದೆ. ನಡುವೆ ಇಡೀ ಜಗತ್ತಿನ ನಕ್ಷೆ; ಅದರ ಮೂಲೆಮೂಲೆಯಿಂದ ಹುಬ್ಬಳ್ಳಿಯ ಕಡೆಗೆ ಹಾರಿಬರುವ ಕೆಂಪು ಗೆರೆಗಳು. ಸುತ್ತ ಎಣಿಸಲಾಗದಷ್ಟು ಚೌಕಗಳು, ಅವುಗಳಲ್ಲಿ ಓಡುವ ಅಂಕಿಗಳು. ಎಲ್ಲೆಲ್ಲೂ ಮಿಟುಕುವ ಕೆಂಪು ಚುಕ್ಕಿಗಳು. ಯಾವ ಅಪಾಯ ದೊಡ್ಡದು, ಯಾವುದು ಸಣ್ಣದು ಎಂದು ಹೇಳುವ ಸಣ್ಣ ಅಕ್ಷರಗಳೂ ಇದ್ದವು. ಅವು ಇಂಗ್ಲಿಷಿನಲ್ಲಿದ್ದವು, ಓದಬೇಕಾದರೆ ಕುರ್ಚಿ ಹತ್ತಬೇಕಿತ್ತು.

ಕೋಣೆಯ ಮುಖ್ಯಸ್ಥರಾದ ಪಟ್ಟಣಶೆಟ್ಟಿ ಸಾಹೇಬರಿಗೆ ಆ ನಕ್ಷೆಯೆಂದರೆ ಹೆಮ್ಮೆ. ಟ್ರಸ್ಟಿನವರು ಬಂದಾಗ ನನ್ನ ಮುಂದೆ ನಿಲ್ಲಿಸಿ ಹೇಳುತ್ತಿದ್ದರು: "ನೋಡ್ರಿ, ಇಡೀ ಜಗತ್ತ ನಮ್ಮ ದವಾಖಾನಿ ಮ್ಯಾಲೆ ಬೀಳಾಕತ್ತೈತಿ. ನಾವು ತಡದ ನಿಲ್ಸೇವಿ." ಟ್ರಸ್ಟಿನವರು ತಲೆದೂಗಿ ಚಹಾ ಕುಡಿದು ಹೋಗುತ್ತಿದ್ದರು. ನನ್ನನ್ನು ನೋಡಿದವರು ಬಹಳ ಜನ. ಓದಿದವರು ಯಾರೂ ಇರಲಿಲ್ಲ.

ಗೋಡೆಯ ಮೇಲಿರುವುದರಿಂದ ನನಗೆ ಮೊದಲು ಕಾಣುವುದು ಜನರ ನೆತ್ತಿ. ಇಮ್ತಿಯಾಜ್ ನದಾಫನನ್ನು ಗುರುತಿಸುವುದು ಸುಲಭವಿತ್ತು. ವಯಸ್ಸಿಗೆ ಮೊದಲೇ ಕೂದಲು ಉದುರಿತ್ತು, ಅದರ ಬಗ್ಗೆ ಅವನೇ ಎಲ್ಲರಿಗಿಂತ ಮೊದಲು ನಗೆ ಮಾಡುತ್ತಿದ್ದ. ಇನ್ನೊಂದು ನೆತ್ತಿಯ ಬೈತಲೆ ಗೆರೆ ಎಳೆದಷ್ಟು ನೇರ. ಅದು ಕಸ್ತೂರಿ ಮುಳಗುಂದ. ಎಂ.ಸಿ.ಎ. ಓದಿದವಳು, ಅವ್ವನೊಂದಿಗೆ ಹಳೇ ಹುಬ್ಬಳ್ಳಿಯಲ್ಲಿದ್ದಳು. ಗ್ಯಾಸು ಆರಿಸಿದೆನೇ, ಬಾಗಿಲಿಗೆ ಚಿಲಕ ಹಾಕಿದೆನೇ ಎಂದು ಬಸ್ಸು ಹತ್ತಿದ ಮೇಲೂ ಯೋಚಿಸುವ ಸ್ವಭಾವ. ಅವಳೊಬ್ಬಳೇ ಕೆಲಸಕ್ಕೆ ಬಂದ ಕೂಡಲೇ, ಚೀಲ ಇಳಿಸುವುದಕ್ಕೂ ಮುಂಚೆ, ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಎಡಗಡೆಯಿಂದ ಶುರುಮಾಡಿ ಬಲಗಡೆಯವರೆಗೆ, ಹುಬ್ಬು ಗಂಟಿಕ್ಕಿಕೊಂಡು. ನನಗೆ ಆ ಬಿಳಿ ಗವಸಿನ ಹೆಂಗಸು ನೆನಪಾಗುತ್ತಿದ್ದಳು. ಆದರೆ ಕಸ್ತೂರಿಯ ಕಣ್ಣು ಹುಡುಕುತ್ತಿತ್ತೇ ಹೊರತು ಯಾವುದೂ ಅದಕ್ಕೆ ದಕ್ಕುತ್ತಿರಲಿಲ್ಲ. ನಾನು ಎಲ್ಲವನ್ನೂ ಒಟ್ಟಿಗೆ ಕೂಗುತ್ತಿದ್ದೆ. ಸಂತೆಯಲ್ಲಿ ನಿಂತವಳು ಯಾವ ಕೂಗನ್ನೆಂದು ಕೇಳಬೇಕು?

ದಸರೆ ಬಂತು. ಖಂಡೇಪೂಜೆಯ ದಿನ ಕೋಣೆಯ ಯಂತ್ರಗಳಿಗೆಲ್ಲ ಪೂಜೆ. ಕೀಬೋರ್ಡಿಗೆ ಚೆಂಡುಹೂವು, ಬಾಗಿಲಿಗೆ ಮಾವಿನೆಲೆ. ನನ್ನ ಸರದಿ ಬಂದಾಗ ಕಸ್ತೂರಿ ನನ್ನ ಅಂಚಿಗೆ ವಿಭೂತಿ ಎಳೆದು, ಗಾಜಿನ ಬಲಗಡೆಯ ಕೆಳಮೂಲೆಯಲ್ಲಿ ಬೆರಳು ಒತ್ತಿ ಕುಂಕುಮ ಹಚ್ಚಿದಳು.

"ಅಕ್ಕಾರ, ಇದರ ಮ್ಯಾಲೆ ಕೆಂಪು ಮೊದಲ ಬೇಕಾದಷ್ಟೈತಿ. ಮತ್ತೊಂದ್ಯಾಕ?" ಎಂದ ಇಮ್ತಿಯಾಜ್.

"ಅವು ವೈರಿ ಕೆಂಪು. ಇದು ನಮ್ಮದು," ಎಂದಳು ಕಸ್ತೂರಿ.

ಎಲ್ಲರೂ ನಕ್ಕರು. ಅವಳ ಬೆರಳಿನ ಬಿಸಿ ನನ್ನ ಗಾಜಿನ ಮೇಲೆ ಸ್ವಲ್ಪ ಹೊತ್ತು ಉಳಿದಿತ್ತು. ಯಾರಾದರೂ ಬರಿಬೆರಳಿನಿಂದ ನನ್ನ ಗಾಜನ್ನು ಮುಟ್ಟಿದ್ದು ಅದೇ ಮೊದಲು.

ಮರುದಿನ ವಿಜಯದಶಮಿ. ಕಚೇರಿಗೆ ರಜೆ. ಪಾಳಿಯಲ್ಲಿ ಕಸ್ತೂರಿ ಒಬ್ಬಳೇ. ನರ್ಸುಗಳು ಬಂದು ಬನ್ನಿ ಕೊಟ್ಟು, "ಬಂಗಾರದಂಗ ಇರೋಣ್ರಿ" ಎಂದು ಕೈಮುಗಿದು ಹೋದರು. ಮಧ್ಯಾಹ್ನ ನನ್ನ ಬಲಗಡೆಯ ಕೆಳಮೂಲೆಯಲ್ಲಿ, ಕುಂಕುಮದ ಮಗ್ಗುಲಿಗೇ, ಹೊಸ ಕೆಂಪು ಚುಕ್ಕಿಯೊಂದು ಮೂಡಿತು. ಅದು ಮಿಟುಕಲಿಲ್ಲ. ನನ್ನ ಮೊದಲ ಮುಖವನ್ನು ಮಾಡಿದವರು ಹಾಗೆ ನಿಯಮ ಇಟ್ಟಿದ್ದರು: ಹೊರಗಿನಿಂದ ಬಾಗಿಲು ಬಡಿಯುವವರಿಗೆ ಮಿಟುಕುವ ಚುಕ್ಕಿ, ಆಗಲೇ ಒಳಗೆ ಬಂದುಬಿಟ್ಟವರಿಗೆ ನಿಂತ ಚುಕ್ಕಿ. ಆ ನಿಯಮ ಯಾರಿಗೂ ನೆನಪಿರಲಿಲ್ಲ. ಯಾರೋ ರಕ್ತನಿಧಿಯ ಪಾಸ್‌ವರ್ಡ್ ಕದ್ದು ಒಳಗೆ ಬಂದಿದ್ದರು.

ಕಸ್ತೂರಿ ತಲೆಯೆತ್ತಿದಳು. ಎಡಗಡೆಯಿಂದ ಬಲಗಡೆಗೆ ಬಂದ ಅವಳ ಕಣ್ಣು ಆ ಮೂಲೆಯಲ್ಲಿ ನಿಂತಿತು. ಎದ್ದು ಬಂದಳು. ಕೈಯಲ್ಲಿ ಒರೆಸುವ ಬಟ್ಟೆ ಇತ್ತು.

"ಅಯ್ಯ, ಕುಂಕುಮ ಹರಡೇತಲ್ಲ," ಎಂದುಕೊಂಡಳು.

ಬಟ್ಟೆ ನನ್ನ ಗಾಜಿನಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಒರೆಸಿದ್ದರೆ ಕುಂಕುಮ ಹೋಗುತ್ತಿತ್ತು, ಬೆಳಕು ಉಳಿಯುತ್ತಿತ್ತು, ಅವಳಿಗೆ ತಿಳಿಯುತ್ತಿತ್ತು. ನನ್ನ ಇಡೀ ಮೈ ಆ ಕೈಗಾಗಿ ಕಾದಿತ್ತು. ಕೈ ಅಲ್ಲೇ ತಡೆಯಿತು. "ಪೂಜಾದ್ದು ಒರಸಬಾರದು, ತಾನ ಹೋಗತೈತಿ ಅಂತಾಳ ಅವ್ವ," ಎಂದು ತನಗೆ ತಾನೇ ಹೇಳಿಕೊಂಡು ಕೈ ಇಳಿಸಿದಳು. ಹೋಗಿ ಕೂತಳು.

ಮರುದಿನ ಬೆಳಿಗ್ಗೆ ಫೋನು ಬಂತು. ಒಳಗೆ ಬಂದವರು ರಕ್ತನಿಧಿಯ ಕಂಪ್ಯೂಟರುಗಳಿಗೆಲ್ಲ ಬೀಗ ಹಾಕಿದ್ದರು, ಒಂದೂ ತೆರೆಯುತ್ತಿರಲಿಲ್ಲ. ಶೀತಲ ಪೆಟ್ಟಿಗೆಯಲ್ಲಿ ರಕ್ತದ ಚೀಲಗಳಿದ್ದವು. ಆದರೆ ಯಾವ ಚೀಲದ ಪರೀಕ್ಷೆ ಆಗಿದೆ, ಏನು ಬಂದಿದೆ ಎಂಬುದೆಲ್ಲ ಆ ಬೀಗದ ಒಳಗಿತ್ತು. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ರಕ್ತಸ್ರಾವ ನಿಂತಿರಲಿಲ್ಲ. ಒಂದೊಂದು ಚೀಲವನ್ನೂ ಹೊಸದಾಗಿ ಪರೀಕ್ಷೆ ಮಾಡದೆ ಕೊಡುವಂತಿರಲಿಲ್ಲ.

ಫೋನು ಇಟ್ಟ ಕಸ್ತೂರಿ ನೆಟ್ಟಗೆ ನನ್ನ ಬಳಿ ಬಂದಳು. ಬಟ್ಟೆಯಿಂದ ಆ ಮೂಲೆಯನ್ನು ಒರೆಸಿದಳು. ಕುಂಕುಮ ಬಟ್ಟೆಗೆ ಬಂತು. ಚುಕ್ಕಿ ಅಲ್ಲೇ ಇತ್ತು. ಮತ್ತೊಮ್ಮೆ ಒರೆಸಿದಳು. ಚುಕ್ಕಿ ಅಲ್ಲೇ ಇತ್ತು. ಅವಳ ಮುಖದ ಬಣ್ಣ ಹೋದದ್ದನ್ನು ಅಷ್ಟು ಹತ್ತಿರದಿಂದ ಕಂಡವನು ನಾನೊಬ್ಬನೇ.

ಬೇರೆ ಆಸ್ಪತ್ರೆಯಿಂದ ಗಾಡಿಯಲ್ಲಿ ರಕ್ತ ತರಿಸಿದರು. ಸಂಜೆಯ ಹೊತ್ತಿಗೆ ಬಾಣಂತಿ ಕಣ್ಣು ಬಿಟ್ಟಳೆಂದು ಸುದ್ದಿ ಬಂತು. ಕಸ್ತೂರಿ ಮೇಜಿನ ಮೇಲೆ ತಲೆಯಿಟ್ಟಳು. ಇಮ್ತಿಯಾಜ್ ಅಂದು ಒಂದೂ ನಗೆಮಾತು ಆಡಲಿಲ್ಲ. ಅವಳ ಮುಂದೆ ಚಹಾ ಇಟ್ಟ.

ವಿಚಾರಣೆ ನನ್ನ ಎದುರಿಗೇ ಆಯಿತು. ಟ್ರಸ್ಟಿನ ಮೂವರು ಬಂದು ಕೂತರು. "ಬೋರ್ಡಿನ ಮ್ಯಾಲೆ ಬಂದಿತ್ತಲ್ಲ, ನೀವ್ಯಾಕ ನೋಡಲಿಲ್ಲ?" ಎಂದು ಕೇಳಿದರು.

"ನೋಡಿದ್ನಿರಿ. ಕುಂಕುಮ ಅಂತ ತಿಳಕೊಂಡೆ."

ಒಬ್ಬರು ನಕ್ಕುಬಿಟ್ಟರು. ಆ ನಗು ಆಸ್ಪತ್ರೆಯ ಮಹಡಿಗಳನ್ನೆಲ್ಲ ಹತ್ತಿ ಇಳಿಯಿತು. ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ ಅವಳು 'ಕುಂಕುಮದ ಕಸ್ತೂರಿ' ಆದಳು. ಅವಳದು ಗುತ್ತಿಗೆಯ ನೌಕರಿ, ಮಾರ್ಚಿಗೆ ಮುಗಿಯುವಂಥದ್ದು. ಮುಂದುವರಿಸುವುದೋ ಬಿಡುವುದೋ ಆಗ ನೋಡೋಣ, ಅಷ್ಟರಲ್ಲಿ ಬೋರ್ಡು ಸರಿಮಾಡಿಸಿ ಎಂದು ಹೇಳಿ ಟ್ರಸ್ಟಿನವರು ಎದ್ದರು. ಅಂದಿನಿಂದ ಕಸ್ತೂರಿ ತಲೆಯೆತ್ತಿ ನೋಡುವಾಗೆಲ್ಲ ಹೆದರಿಕೊಂಡೇ ನೋಡುತ್ತಿದ್ದಳು. ಆ ನೋಟ ನನಗೆ ಬೇಡವಾಗಿತ್ತು. ಆದರೂ ಅದು ಬಾರದ ದಿನ ಇನ್ನೂ ಖಾಲಿಯೆನಿಸುತ್ತಿತ್ತು.

ನನ್ನ ಮುಖವನ್ನು ಬದಲಿಸಲು ಮೈಸೂರಿನಿಂದ ವಾಗ್ದೇವಿ ಎಂಬವರು ಬಂದರು. ದಪ್ಪ ಕನ್ನಡಕ, ಮೆಲ್ಲಗೆ ಮಾತು. ಬಂದವರು ನನ್ನನ್ನು ಬಿಟ್ಟು ಕಸ್ತೂರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

ಒಂದು ಕೆಂಪು ಚೌಕ ತೋರಿಸಿ, "ಇದು ಕಾಣಿಸಿದ ತಕ್ಷಣ ನೀವೇನ್ ಮಾಡ್ತೀರಿ?" ಎಂದರು.

"ಏನೂ ಮಾಡೂದಿಲ್ರಿ. ಅದು ದಿನಾ ಹಂಗ ಇರತೈತಿ."

"ಇದು?"

"ಅದೂ ಹಂಗರಿ."

"ಹಾಗಾದ್ರೆ ಇವೆರಡೂ ಇಲ್ಲಿ ಯಾಕಿವೆ?"

ಇಮ್ತಿಯಾಜ್ ಹೇಳಿದ: "ಚಂದ ಕಾಣ್ಲಿ ಅಂತರಿ ಮೇಡಂ. ಮದಿವಿ ಮನಿಗೆ ಲೈಟಿನ ಸರಾ ಹಾಕಿದಂಗ."

ಹೀಗೆ ದಿನಗಟ್ಟಲೆ ನಡೆಯಿತು. ಕೇಳಿ ಕೇಳಿ, ಯಾವುದಕ್ಕೆ ಕಸ್ತೂರಿ 'ಏನೂ ಮಾಡೂದಿಲ್ಲ' ಎನ್ನುತ್ತಿದ್ದಳೋ ಅದನ್ನೆಲ್ಲ ವಾಗ್ದೇವಿ ನನ್ನ ಮೇಲಿಂದ ತೆಗೆಯುತ್ತ ಹೋದರು. ನಕ್ಷೆಯನ್ನು ತೆಗೆಯುವಾಗ ಪಟ್ಟಣಶೆಟ್ಟಿ ಸಾಹೇಬರು ಅಡ್ಡಬಂದರು.

"ನಕ್ಷಾ ತಗದರ ಮ್ಯಾಲಿನವರಿಗೆ ನಾ ಏನ್ ತೋರಸ್ಲಿ?"

"ನಿಮ್ಮ ಛೇಂಬರಿಗೆ ಒಂದು ಸಣ್ಣ ಟಿ.ವಿ. ಹಾಕಿಸ್ಕೊಡ್ತೀನಿ ಸರ್. ನಕ್ಷೆ ಅಲ್ಲಿ ಓಡ್ತಿರಲಿ."

ಸಾಹೇಬರು ಸ್ವಲ್ಪ ಯೋಚಿಸಿ ಒಪ್ಪಿದರು. ಆ ಗೆರೆಗಳು ಹೋದ ದಿನ ನನಗೆ ಕೆಮ್ಮು ನಿಂತವರಿಗೆ ಆಗುವ ಹಾಗೆ ಹಗುರವಾಯಿತು.

ಉಳಿದದ್ದು ಒಂದು ಪ್ರಶ್ನೆ. ನಿಜವಾದ ಅಪಾಯ ಬಂದಾಗ ಅದನ್ನು ಹೇಗೆ ಹೇಳಬೇಕು? ಮಟ್ಟ ಒಂದು, ಮಟ್ಟ ಎರಡು ಎಂದು ಹಾಕಿ ನೋಡಿದರು. ಬಣ್ಣ ಬದಲಿಸಿ ನೋಡಿದರು. ಕಸ್ತೂರಿ ಎಲ್ಲವನ್ನೂ ನೋಡಿ ತಲೆಯಾಡಿಸುತ್ತಿದ್ದಳೇ ಹೊರತು ಹೌದು ಎನ್ನುತ್ತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುತ್ತ ಸಂಕೋಚದಿಂದ ಹೇಳಿದಳು:

"ನಮ್ಮವ್ವ ಹಿತ್ತಲದಾಗಿಂದ ಒದರ್ತಾಳ್ರಿ, 'ಕಸ್ತೂರಿ, ಹಾಲು ಉಕ್ಕಾಕತ್ತೈತಿ, ಒಲಿ ಆರಸು' ಅಂತ. ನಾ ಎಲ್ಲಿದ್ರೂ ಓಡ್ತೀನಿ. ಅಡಗಿಮನ್ಯಾಗ ನಾಕನೇ ಮಟ್ಟದ ಅಪಾಯ ಅಂದಿದ್ರ ಕೂತಲ್ಲೇ ಕೂಡ್ತಿದ್ದೆ."

ವಾಗ್ದೇವಿಯವರ ಕೈಯಲ್ಲಿದ್ದ ರೊಟ್ಟಿಯ ತುಂಡು ಹಾಗೇ ನಿಂತಿತು. "ಇನ್ನೊಂದ್ಸಲ ಹೇಳಿ," ಎಂದರು.

ನನ್ನ ಎರಡನೆಯ ಮುಖ ಹುಟ್ಟಿದ್ದು ಹಾಗೆ. ಹೆಚ್ಚಿನ ಹೊತ್ತು ನನ್ನ ಮೇಲೆ ಏನೂ ಇರುತ್ತಿರಲಿಲ್ಲ; ಬೂದುಬಣ್ಣದ ಹಿನ್ನೆಲೆ, 'ಎಲ್ಲ ಸರಿಯಿದೆ' ಎಂಬ ಒಂದು ಸಾಲು. ಕೆಂಪನ್ನು ಒಂದೇ ಒಂದು ಕೆಲಸಕ್ಕೆ ಮೀಸಲಿಟ್ಟರು. ಕೆಂಪು ಬಂದರೆ ಇಡೀ ಪರದೆಗೆ ಬರಬೇಕು, ಕನ್ನಡದಲ್ಲಿ ಬರಬೇಕು, ಪಾಳಿಯಲ್ಲಿರುವವರ ಹೆಸರು ಹಿಡಿದು ಕರೆಯಬೇಕು, ಆಗಿರುವುದನ್ನು ಹೇಳಬೇಕು, ಮಾಡಬೇಕಾದ್ದನ್ನೂ ಹೇಳಬೇಕು.

"ಹೆಸರು ಹಿಡದ ಕರಿಯೂದಾ? ನನ್ನ ಪಾಳಿ ಇದ್ರ ನನಗೂ ಹಂಗ ಅಂತೈತೇನು?" ಎಂದರು ಸಾಹೇಬರು.

"ನಿಮಗ 'ಸಾಹೇಬ್ರ' ಅಂತ ಸೇರಸ್ತೇವಿ ಬಿಡ್ರಿ," ಎಂದ ಇಮ್ತಿಯಾಜ್. ಬಹಳ ದಿನದ ಮೇಲೆ ಕಸ್ತೂರಿ ನಕ್ಕಳು.

ಮಾರ್ಚಿಗೆ ಇನ್ನೂ ಸ್ವಲ್ಪ ದಿನವಿರುವಾಗ ಆ ಹೊತ್ತು ಬಂದೇಬಂತು. ಬೆಳಗಿನ ಚಹಾ ಆಗತಾನೇ ಬಂದಿತ್ತು. ಕಸ್ತೂರಿ ಲೋಟಕ್ಕೆ ಕೈಚಾಚಿದ್ದಳು. ನಾನು ಪೂರ್ತಿ ಕೆಂಪಾದೆ. ನನ್ನ ಮೇಲೆ ದೊಡ್ಡ ಅಕ್ಷರಗಳು ಮೂಡಿದವು:

ಕಸ್ತೂರಿ, ಗದಗ ಶಾಖೆಯ ಔಷಧಿ ಕೌಂಟರಿನ ಕಂಪ್ಯೂಟರಿಗೆ ಹೊರಗಿನವರು ನುಗ್ಗಿದ್ದಾರೆ. ಅದನ್ನು ನೆಟ್‌ವರ್ಕಿನಿಂದ ಬಿಡಿಸಿ. ಆಮೇಲೆ ಗದಗಿಗೆ ಫೋನ್ ಮಾಡಿ.

ಅವಳು ಓದಿದಳು. ಮೊದಲ ಸಲ ನನ್ನನ್ನು ಯಾರೋ ಪೂರ್ತಿ ಓದಿದರು. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ಗದಗಿನ ಆ ಕಂಪ್ಯೂಟರು ಉಳಿದವುಗಳಿಂದ ಬೇರೆಯಾಯಿತು. ನುಗ್ಗಿದವನು ಅಲ್ಲೇ ಸಿಕ್ಕಿಬಿದ್ದ, ಮುಂದಿನ ಬಾಗಿಲು ಅವನಿಗೆ ಸಿಗಲಿಲ್ಲ. ಫೋನು ಮುಗಿಸಿ ಅವಳು ಲೋಟ ಎತ್ತಿಕೊಂಡಾಗ ಚಹಾ ಇನ್ನೂ ಬಿಸಿಯಿತ್ತು. ಕುಡಿಯುತ್ತ ಮತ್ತೊಮ್ಮೆ ನನ್ನ ಕಡೆ ನೋಡಿದಳು. ಆ ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ. ಹುಟ್ಟಿದ ದಿನದಿಂದ ನಾನು ಕಾದಿದ್ದ ನೋಟ ಅದು.

ಆದರೆ ಟ್ರಸ್ಟಿನವರಿಗೆ ದಸರೆಯ ಘಟನೆಯ ತಪ್ಪು ಹೊರಿಸಲು ಒಂದು ಹೆಸರು ಬೇಕಿತ್ತು. ನನ್ನ ಹಳೆಯ ಮುಖದ ಹೆಸರನ್ನು ಯಾವ ಕಾಗದದಲ್ಲೂ ಬರೆಯಲು ಬರುವುದಿಲ್ಲ. ಗುತ್ತಿಗೆ ಮುಂದುವರಿಯಲಿಲ್ಲ. ಸುದ್ದಿ ಹೇಳುವಾಗ ಪಟ್ಟಣಶೆಟ್ಟಿ ಸಾಹೇಬರು ಅವಳ ಮುಖ ನೋಡದೆ ನನ್ನ ಮುಖ ನೋಡುತ್ತಿದ್ದರು. "ನಾ ಭಾಳ ಹೇಳಿದೆ ಕಸ್ತೂರಿ. ಗದಗಿಂದೂ ಹೇಳಿದೆ. ಕೇಳಲಿಲ್ಲ."

"ಇರ್ಲಿ ಬಿಡ್ರಿ ಸರ್," ಎಂದಳು.

ಕೊನೆಯ ದಿನ ಪಾಳಿಯ ಹೆಸರು ಬದಲಿಸಬೇಕಿತ್ತು. ಬೇರೆಯವರು ಮಾಡುವ ಮೊದಲು ಅವಳೇ ಮಾಡಿದಳು. ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಅಲ್ಲಿ ಇಮ್ತಿಯಾಜನ ಹೆಸರು ಬರೆದಳು. ಇಮ್ತಿಯಾಜ್ ಹಿಂದೆ ನಿಂತಿದ್ದ. "ಅಕ್ಕಾರ, ಇದು ನನ್ನ ಹೆಸರು ಕರದರ ನನಗ ಓಡಾಕ ಮನಸ್ಸ ಬರೂದಿಲ್ರಿ," ಎಂದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ಒಮ್ಮೆ ತಿರುಗಿ, ಎಡಗಡೆಯಿಂದ ಬಲಗಡೆಗೆ ನನ್ನನ್ನು ನೋಡಿದಳು. ನನ್ನ ಮೇಲೆ 'ಎಲ್ಲ ಸರಿಯಿದೆ' ಎಂದಿತ್ತು.

ಅನಂತರ ವರ್ಷಗಳು ಹೋದವು. ಇಮ್ತಿಯಾಜನನ್ನು ಕರೆದೆ. ಅವನು ಗೊಣಗುತ್ತಲೇ ಓಡುತ್ತಿದ್ದ. ಅವನ ಬಳಿಕ ಕೆಲಸಕ್ಕೆ ಸೇರಿದವರನ್ನೂ ಕರೆದೆ. ಎಲ್ಲರೂ ಓದಿದರು, ಎಲ್ಲರೂ ಹೇಳಿದ್ದನ್ನು ಮಾಡಿದರು. ಒಳಗೆ ನುಗ್ಗಿದ ಯಾವ ಕಳ್ಳನಿಗೂ ದೂರ ಹೋಗಲಾಗಲಿಲ್ಲ. ಈ ಮಾತಿನ ಧಾಟಿ ಹಳೇ ಹುಬ್ಬಳ್ಳಿಯ ಒಂದು ಹಿತ್ತಲಿನಿಂದ ಬಂದದ್ದೆಂದು ಹೊಸಬರಿಗೆ ಗೊತ್ತಿರಲಿಲ್ಲ. ಖಾಲಿಯಿದ್ದ ಹೊತ್ತುಗಳಲ್ಲಿ, ಬೂದುಬಣ್ಣದ ಅಡಿಯಲ್ಲಿ, ನಾನು ಒಂದೇ ಹೆಸರನ್ನು ನೆನೆಯುತ್ತಿದ್ದೆ. ಅಪಾಯವಿಲ್ಲದೆ ಆ ಹೆಸರನ್ನು ಒಮ್ಮೆ ಕರೆಯುವಂತಿದ್ದರೆ ಎಂದು ಆಸೆಪಡುತ್ತಿದ್ದೆ.

ನನ್ನ ಬೆಳಕು ಮಂಕಾಯಿತು. ಕೋಣೆಗೆ ಹೊಸ ಪರದೆಗಳು ಬಂದವು. ನನ್ನನ್ನು ಇಳಿಸಿ, ಗುಜರಿಗೆ ಹಾಕುವುದು ಬೇಡವೆಂದು ಇಮ್ತಿಯಾಜನೇ ಹಟಹಿಡಿದು, ಈ ದಸರೆಗೆ ಸ್ವಲ್ಪ ಮುಂಚೆ ರಕ್ತನಿಧಿಯ ಮುಂದಿನ ಮೊಗಸಾಲೆಗೆ ತಂದು ಹಾಕಿಸಿದ. ರಕ್ತ ಕೊಡಲು ಬಂದವರ ಸರದಿ ಹೇಳುವುದು ಈಗ ನನ್ನ ಕೆಲಸ. ವಾಕ್ಯಗಳನ್ನು ಹಾಕಿಕೊಟ್ಟವನೂ ಅವನೇ. ಮೊದಲು ಹೆಸರು, ಆಮೇಲೆ ಆಗಿರುವುದು, ಆಮೇಲೆ ಮಾಡಬೇಕಾದ್ದು.

ಖಂಡೇಪೂಜೆಯ ದಿನ ಇಲ್ಲಿನ ನರ್ಸೊಬ್ಬಳು ಎಲ್ಲ ಯಂತ್ರಗಳ ಜೊತೆ ನನಗೂ ಕುಂಕುಮ ಹಚ್ಚಿದಳು. ಸಿಕ್ಕ ಜಾಗಕ್ಕೆ ಹಚ್ಚಿದಳು. ಅದು ಬಲಗಡೆಯ ಕೆಳಮೂಲೆ.

ದಸರೆ ಮುಗಿದ ಮರುದಿನ ಬೆಳಿಗ್ಗೆ ನನ್ನ ಮೇಲೆ ಒಂದು ಸಾಲು ಬಂತು:

ಕಸ್ತೂರಿ ಮುಳಗುಂದ, ನಿಮ್ಮ ಸರದಿ ಬಂದಿದೆ. ಒಳಗೆ ಬನ್ನಿ.

ಬೇರೆ ಯಾರೋ ಇರಬೇಕು ಎಂದುಕೊಂಡೆ. ಊರಿನಲ್ಲಿ ಆ ಹೆಸರಿನವರು ಎಷ್ಟೋ ಜನ ಇದ್ದಾರು. ಆಗ ಬೆಂಚಿನ ಕಡೆಯಿಂದ ಒಂದು ಮುದಿದನಿ ಏರಿತು. ನಾನು ಎಂದೂ ಕೇಳಿರದ ದನಿ. ಆದರೆ ಅದರ ಮಾತಿನ ಕಟ್ಟು ಇಷ್ಟು ವರ್ಷ ನನ್ನ ಮೈಯಲ್ಲೇ ಇತ್ತು.

"ಕಸ್ತೂರಿ, ಹೆಸರು ಬಂದೈತಿ, ಏಳು."

"ಎದ್ದೆ ಬೇ."

"ವರ್ಷಾ ವರ್ಷಾ ದಸರೆ ಮುಗಿದ ಕೂಡ್ಲೆ ಇಲ್ಲಿ ಬಂದು ರಕ್ತಾ ಕೊಡ್ತೀ. ನಿನ್ನ ಮೈಯಾಗ ಇರೂದ ಒಂದ ಲೋಟಾ."

"ಒಂದ ಲೋಟಾನ ಸಾಕವರಿಗೆ."

ನೇರ ಬೈತಲೆ. ಬೈತಲೆಯ ಎರಡೂ ಬದಿಗೆ ಬಿಳಿ ಕೂದಲು. ಅವಳು ತಲೆಯೆತ್ತಿ ನನ್ನ ಮೇಲಿನ ಸಾಲನ್ನು ಓದಿದಳು. ಓದಿದ್ದನ್ನೇ ಇನ್ನೊಮ್ಮೆ ಓದಿದಳು. ಮೊದಲು ಹೆಸರು, ಆಮೇಲೆ ಆಗಿರುವುದು, ಆಮೇಲೆ ಮಾಡಬೇಕಾದ್ದು. ಮೆಲ್ಲಗೆ ಹತ್ತಿರ ಬಂದಳು. ಎಡಗಡೆಯಿಂದ ಬಲಗಡೆಗೆ ಬಂದ ಕಣ್ಣು ಕೆಳಮೂಲೆಯಲ್ಲಿ ನಿಂತಿತು. ಕೈ ಮೇಲೆದ್ದಿತು.

"ಏ, ಪೂಜಾದ್ದು ಐತಿ, ಒರಸಬ್ಯಾಡ," ಎಂದಳು ಅವ್ವ.

"ಒರಸೂದಿಲ್ಲ ಬೇ. ಮುಟ್ಟಿ ನೋಡ್ತೀನಿ ಅಷ್ಟ."

ಈ ಸಲ ಕೈ ತಡೆಯಲಿಲ್ಲ. ಬೆರಳ ತುದಿ ನನ್ನ ಮೇಲೆ ಬಂದು ನಿಂತಿತು, ಅದೇ ಬಿಸಿ. ಬೆರಳನ್ನು ಕಣ್ಣೆದುರು ಹಿಡಿದು ಬಹಳ ಹೊತ್ತು ನೋಡಿದಳು. ತುದಿ ಕೆಂಪಾಗಿತ್ತು. ಬರೀ ಕುಂಕುಮ.

ಅವಳು ಆ ಬೆರಳನ್ನು ಹಣೆಗೆ ಒತ್ತಿಕೊಂಡು, ನಾನು ಹೇಳಿದಂತೆ ಒಳಗೆ ಹೋದಳು. ನನ್ನ ಮೇಲೆ ಮುಂದಿನವರ ಹೆಸರು ಬಂತು.